ಕೂಸಿಗೆ ಬೈಯುವ ರಾಗ

ಮೊನ್ನೆ ಬಾಳ್ಳುಪೇಟೆಯ ಬಸ್ ನಿಲ್ದಾಣದಲ್ಲಿ ನನಗೆ ಸಣ್ಣದೊಂದು ಅವಮಾನವಾಯಿತು. ಸಣ್ಣದು ಎನ್ನುವುದು ಈಗಿನ ಮಾತು. ಆಗ ಮುಖ ಎಲ್ಲಿಡಲಿ ಎನ್ನುವಂತಾಗಿತ್ತು. ಕಲ್ಲುಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಒಬ್ಬ ಹುಡುಗಿ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಳು. ಕೂಸೆಂದರೆ ಕೂಸು! ಗುಂಡುಗುಂಡಾಗಿ, ಕೆನ್ನೆಗಳು ಕತ್ತಿನವರೆಗೆ ಇಳಿದು, ತಲೆಗೆ ಮೊಲದ ಕಿವಿಯ ಟೋಪಿ ಬೇರೆ. ನನ್ನನ್ನು ನೋಡಿದ್ದೇ ಹಲ್ಲಿಲ್ಲದ ಬಾಯಿ ಅಗಲಿಸಿತು. ನನ್ನ ಬಾಯಿಗೆ ಇನ್ನು ಯಾರ ಅಪ್ಪಣೆ ಬೇಕು? “ಥೂ ಮುಂಡೇದೆ, ಏನ್ ಮೂತಿನೋ ನಿಂದು, ಸುಟ್ಟ ಬದ್ನೆಕಾಯಿ ಇದ್ದಂಗೈತೆ!” ಎಂದುಬಿಟ್ಟೆ. ಕೂಸು ಕಿಲಕಿಲ ನಕ್ಕಿತು. ಅದರ ತಾಯಿ ನಗಲಿಲ್ಲ. ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ಚೀಲ ಎತ್ತಿಕೊಂಡು, ಎಳನೀರು ಗಾಡಿಯ ಪಕ್ಕಕ್ಕೆ ಹೋಗಿ ನಿಂತಳು. ಕೂಸು ಮಾತ್ರ ಅವಳ ಹೆಗಲ ಮೇಲಿಂದ ಕತ್ತು ತಿರುಗಿಸಿಕೊಂಡು, ಇನ್ನೊಂದು ಬೈಗುಳ ಬರಬಹುದೇನೋ ಎಂದು ನನ್ನ ಬಾಯಿಯನ್ನೇ ನೋಡುತ್ತಿತ್ತು.

ಆ ಹುಡುಗಿಯ ತಪ್ಪೇನೂ ಇಲ್ಲ. ಯಾವ ಊರಿನವಳೋ, ಅವರ ಕಡೆ ಕೂಸನ್ನು ಚಿನ್ನ, ರನ್ನ ಎಂದೇ ಮಾತಾಡಿಸುತ್ತಾರೋ ಏನೋ. ನಮ್ಮ ಕಡೆ ಹಾಗಲ್ಲ ಎಂದು ಬಸ್ಸು ಬರುವುದರೊಳಗೆ ಅವಳಿಗೆ ತಿಳಿಸಿ ಹೇಳಲು ಆಗುತ್ತಿರಲಿಲ್ಲ. ನಿಮಗಾದರೆ ಹೇಳಬಹುದು. ನೀವು ಹೇಗೂ ಕೂತಿದ್ದೀರಿ.

ನಾನು ಹುಟ್ಟಿ ಬೆಳೆದ ಮನೆಯಲ್ಲಿ ಎಳೆಗೂಸನ್ನು ಎದುರಿಗೇ ಹೊಗಳುವುದು ದೊಡ್ಡ ಅಪರಾಧ. ದೃಷ್ಟಿಯಾಗುತ್ತದೆ. ಮೈ ತುಂಬಿಕೊಂಡಿದೆ ಎಂದರೆ ಮರುದಿನವೇ ಭೇದಿ, ಚೆನ್ನಾಗಿ ನಿದ್ದೆ ಮಾಡುತ್ತದೆ ಎಂದರೆ ಅವತ್ತಿನಿಂದಲೇ ಮನೆಮಂದಿಗೆಲ್ಲ ಜಾಗರಣೆ. ಹಾಗೆಂದು ಕೂಸನ್ನು ನೋಡಿ ಸುಮ್ಮನಿರಲು ಯಾರಿಂದಾದರೂ ಆಗುತ್ತದೆಯೇ? ಅದಕ್ಕೇ ಹಿರಿಯರು ಒಂದು ದಾರಿ ಕಂಡುಕೊಂಡಿದ್ದರು. ಹೊಗಳಬೇಕು ಅನ್ನಿಸಿದ್ದನ್ನೆಲ್ಲ ತಿರುಗುಮುರುಗು ಮಾಡಿ ಬೈಗುಳವಾಗಿ ಆಡುವುದು. ಬೆಳ್ಳಗಿದ್ದರೆ ಕರಿಯ, ದುಂಡಗಿದ್ದರೆ ನರಪೇತಲ, ನಗುತ್ತಿದ್ದರೆ ಭಂಡ. ಕೆಟ್ಟ ಕಣ್ಣು ಹೊತ್ತು ಬಂದವರು ಇದನ್ನು ಕೇಳಿ, ಓಹೋ ಇಲ್ಲೇನೂ ಇಲ್ಲ ಎಂದು ಮುಂದಿನ ಮನೆಗೆ ಹೋಗುತ್ತಾರೆ ಎಂಬ ಲೆಕ್ಕಾಚಾರ.

ನಮ್ಮಜ್ಜಿ ಈ ವಿದ್ಯೆಯಲ್ಲಿ ಪಳಗಿದವಳು. ತೊಟ್ಟಿಲಿನ ಪಕ್ಕದಲ್ಲಿ ಕಾಲು ನೀಡಿ ಕೂತು, ಮೊರದಲ್ಲಿ ಹುರುಳಿ ಆರಿಸುತ್ತ, ಒಂದು ಕೈಯಲ್ಲಿ ತೊಟ್ಟಿಲು ತೂಗುತ್ತ ಬೈಯುತ್ತಿದ್ದಳು. “ಎಲಾ ಕಳ್ಳಾ… ಎಲಾ ಭಂಡಾ… ನಿನ್ ಮನೆ ಕಾಯೋಗಾ… ನನ್ ಸೀರೆಯೆಲ್ಲಾ ಒದ್ದೆ ಮಾಡ್ಬುಟ್ಟಲ್ಲೋ…” ಇದನ್ನು ಬರೆದು ತೋರಿಸಿದರೆ ಪೊಲೀಸರು ಬರಬೇಕು; ಅವಳ ಬಾಯಲ್ಲಿ ಕೇಳಿದರೆ ನಿದ್ದೆ ಬರುತ್ತಿತ್ತು. ಪ್ರತಿ ಮಾತಿನ ಬಾಲವನ್ನೂ ಅವಳು ಎಳೆದು, ಸ್ವಲ್ಪ ಮೇಲಕ್ಕೆ ಒಯ್ದು, ಮೆಲ್ಲಗೆ ಕೆಳಕ್ಕೆ ಬಿಡುತ್ತಿದ್ದಳು. ಬಿಟ್ಟ ಮೇಲೆ ಒಂದು ಗಳಿಗೆ ಸುಮ್ಮನಿರುತ್ತಿದ್ದಳು. ಆ ಜಾಗದಲ್ಲಿ ಕೂಸು ‘ಊಂ’ ಎನ್ನುತ್ತಿತ್ತು. ಅಜ್ಜಿ ಅದಕ್ಕೆ ಇನ್ನೂ ದೊಡ್ಡ ಬೈಗುಳ ಕೊಡುತ್ತಿದ್ದಳು. ಹೀಗೆ ಇಬ್ಬರೂ ಮಾತಾಡಿಕೊಳ್ಳುತ್ತಿದ್ದಾಗ ಉಳಿದವರು ನಡುವೆ ಬಾಯಿ ಹಾಕುವಂತಿರಲಿಲ್ಲ. ನಮ್ಮ ಮನೆಯಲ್ಲಿ ಎಲ್ಲ ಮಕ್ಕಳಿಗೂ ಬರ್ತ್ ಸರ್ಟಿಫಿಕೇಟಿನ ಹೆಸರಲ್ಲದೆ ಅಜ್ಜಿ ಇಟ್ಟ ಬೈಗುಳದ ಹೆಸರೂ ಇತ್ತು. ನನ್ನದು ‘ತಗಡು’. ನಾನು ಅತ್ತರೆ ತಗಡಿನ ಶೀಟಿಗೆ ಯಾರೋ ಬಡಿದಂತೆ ಕೇಳುತ್ತಿತ್ತಂತೆ.

ಅಜ್ಜಿ ಹೆಸರಿಡುವುದರಲ್ಲಿ ತಪ್ಪಿದವಳಲ್ಲ. ನನ್ನ ದನಿ ಇವತ್ತಿಗೂ ಹಾಗೇ ಇದೆ. ಶಾಲೆಯಲ್ಲಿ ಪ್ರಾರ್ಥನೆಗೆ ನನ್ನನ್ನು ಮುಂದಿನ ಸಾಲಿನಿಂದ ಹಿಂದಿನ ಸಾಲಿಗೆ, ಹಿಂದಿನ ಸಾಲಿನಿಂದ ಕಂಬದ ಮರೆಗೆ ಕಳಿಸಿದ ಮೇಷ್ಟ್ರು ಕೊನೆಗೆ ಹತ್ತಿರ ಬಂದು, “ನೀನು ತುಟಿ ಆಡ್ಸಮ್ಮ, ಸಾಕು. ಸದ್ದು ಬ್ಯಾಡ,” ಎಂದು ಕೈಮುಗಿಯುವವರಂತೆ ಹೇಳಿದ್ದರು. ಮದುವೆಯಾಗಿ ಕೆ. ಹೊಸಕೋಟೆಯ ಹತ್ತಿರದ ಈ ಊರಿಗೆ ಬಂದ ಮೇಲೆ ನನ್ನ ದನಿಗೆ ತಕ್ಕ ಜಾಗ ಸಿಕ್ಕಿತು. ನಮ್ಮ ಮನೆ ಈ ದಿಬ್ಬದಲ್ಲಿ, ಕಾಫಿ ತೋಟ ಆ ದಿಬ್ಬದಲ್ಲಿ, ನಡುವೆ ಗದ್ದೆ. ಊಟಕ್ಕೆ ಬನ್ನಿ ಎಂದು ಯಜಮಾನರನ್ನು ಇಲ್ಲಿಂದಲೇ ಕೂಗಬೇಕು. ನಾನು ಕೂಗಿದರೆ ಪಕ್ಕದ ಎಸ್ಟೇಟಿನ ಆಳುಗಳೂ ಬುತ್ತಿ ಬಿಚ್ಚುತ್ತಾರೆ. ಆನೆ ಇಳಿದಿದೆ ಎಂಬ ಸುದ್ದಿ ಈಗ ಮೊಬೈಲಿಗೇ ಬರುತ್ತದೆ, ನಿಜ. ಆದರೆ ನಮ್ಮ ಕೇರಿಯವರು ಮೊಬೈಲ್ ನೋಡಿ ಬಾಗಿಲು ಹಾಕಿಕೊಂಡದ್ದನ್ನು ನಾನು ಕಂಡಿಲ್ಲ. ನನ್ನ ಕೂಗು ಕೇಳಿ ಹಾಕಿಕೊಳ್ಳುತ್ತಾರೆ.

ಇಂಥ ದನಿ ಇರುವ ಮನೆಗೆ ಸೊಸೆಯಾಗಿ ಬಂದವಳು ರೂಪ. ಮಗ ಮಹೇಶ ಸಕಲೇಶಪುರದಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ರೂಪ ಹಾನುಬಾಳಿನಲ್ಲಿ ದನದ ಡಾಕ್ಟರು. ಬಯಲುಸೀಮೆಯ ಹುಡುಗಿ. ಚಿಕ್ಕವಳಿರುವಾಗಲೇ ತಾಯಿ ತೀರಿಕೊಂಡು, ಹಾಸ್ಟೆಲಿನಿಂದ ಹಾಸ್ಟೆಲಿಗೆ ಹೋಗುತ್ತ ಓದಿ ಮೇಲೆ ಬಂದವಳು. ಮಾತು ಕಡಿಮೆ, ಅದೂ ಮೆತ್ತಗೆ. ಅವಳು ಒಳಗೆ ಬಂದ ದಿನ ನಾನು ನನ್ನ ಬಾಯಿಗೆ ಬೀಗ ಹಾಕಿದೆ. ಈ ಹುಡುಗಿಗೆ ನನ್ನ ಗಂಟಲು ಕೇಳಿ ಹೆದರಿಕೆಯಾಗಬಾರದು, ಓದಿದವಳ ಹತ್ತಿರ ಮರ್ಯಾದೆಯಿಂದ ನಡೆದುಕೊಳ್ಳಬೇಕು ಎಂದು ನಿರ್ಧಾರ ಮಾಡಿದೆ. “ಊಟ ಮಾಡಮ್ಮ, ಇನ್ನೊಂಚೂರು ಬಡಿಸ್ಲಾಮ್ಮ, ಮಲಕ್ಕಳಮ್ಮ” ಎಂದೇ ನನ್ನ ಮಾತು. ಬೇರೆ ಮನೆಗಳ ಅತ್ತೆಯಂದಿರು ಸೇರಿದ ಕಡೆ, “ನನ್ ಸೊಸೆಗೆ ಇವತ್ತಿನವರ್ಗೂ ಒಂದ್ ಮಾತು ಅಂದಿಲ್ಲ ಕಣ್ರೇ” ಎಂದು ಹೆಮ್ಮೆಯಿಂದ ಹೇಳಿಕೊಂಡು ಬರುತ್ತಿದ್ದೆ.

ಕೂಸು ಹುಟ್ಟಿತು. ತವರಿನಲ್ಲಿ ಮಾಡುವವರಿಲ್ಲದ್ದರಿಂದ ಬಾಣಂತನವೂ ನಮ್ಮಲ್ಲೇ ಆಯಿತು. ಹೆಸರು ಸಮರ್ಥ ಎಂದಿಟ್ಟರು. ನಾನು ಕೂಸು ಎಂದೇ ಅನ್ನುತ್ತೇನೆ. ನಾಮಕರಣದ ದಿನ ನಮ್ಮ ಕಡೆಯ ಅಜ್ಜಿಯೊಬ್ಬರು ತೊಟ್ಟಿಲಿಗೆ ಬಗ್ಗಿ, “ಏನ್ ದರಿದ್ರದ್ ಮೂತಿ ಹೊತ್ಕಂಡ್ ಬಂದಿದ್ದೀಯೋ” ಎಂದರು. ರೂಪಳ ಮುಖ ಸಣ್ಣಗಾಯಿತು. ನೆಂಟರೆಲ್ಲ ಹೋದ ಮೇಲೆ ನನ್ನ ಹತ್ತಿರ ಬಂದು ಮೆತ್ತಗೆ ಹೇಳಿದಳು. “ಅತ್ತೆ, ಮಕ್ಕಳಿಗೆ ನಾವು ಆಡೋ ಮಾತೆಲ್ಲ ಒಳಗೆ ಹೋಗುತ್ತೆ. ಇವನ ಹತ್ರ ಒಳ್ಳೆ ಮಾತು ಮಾತ್ರ ಆಡೋಣ. ಮೆತ್ತಗೆ ಆಡೋಣ.” ಆಗಲಮ್ಮ ಎಂದೆ. ಬಾಯಿಗೆ ಒಂದು ಬೀಗ ಇತ್ತು, ಇನ್ನೊಂದು ಹಾಕಿದೆ.

ಕೂಸು ನನ್ನ ಕೈಗೆ ಬರುತ್ತಿತ್ತು, ಎಣ್ಣೆ ಹಚ್ಚಿಸಿಕೊಳ್ಳುತ್ತಿತ್ತು, ನನ್ನ ತೊಡೆಯ ಮೇಲೆ ಕಾಲು ಬಡಿಯುತ್ತ ಬಿಸಿನೀರು ಹಾಕಿಸಿಕೊಳ್ಳುತ್ತಿತ್ತು. ನಾನು ಬಾಯಿ ತೆರೆದರೆ ಮಾತ್ರ ಮುಗಿಯಿತು. “ಚಿನ್ನಾ, ಜಾಣಾ” ಎಂದು ಪಿಸುಗುಟ್ಟುವಂತೆ ಅನ್ನುತ್ತಿದ್ದೆ. ಅದು ಕಣ್ಣು ಮಿಟುಕಿಸದೆ ನನ್ನನ್ನು ನೋಡುತ್ತಿತ್ತು. ಮೊದಲು ಕೆಳತುಟಿ ಮುಂದೆ ಬರುತ್ತಿತ್ತು, ಆಮೇಲೆ ಗಲ್ಲ ನಡುಗುತ್ತಿತ್ತು, ಆಮೇಲೆ ಊರಿಗೇ ಕೇಳುವ ಅಳು. ದನಿಯಲ್ಲಿ ಮಾತ್ರ ನನ್ನ ಮೊಮ್ಮಗನೇ, ಅನುಮಾನವಿಲ್ಲ. ಅಮ್ಮ ಮನೆಯಲ್ಲಿರುವವರೆಗೆ ಇದರಿಂದ ಯಾರಿಗೂ ತೊಂದರೆಯಾಗಲಿಲ್ಲ. ನಾನು ಮೂಕಿಯಂತೆ ಎತ್ತಿಕೊಳ್ಳುತ್ತಿದ್ದೆ, ಮೂಕಿಯಂತೆ ಇಳಿಸುತ್ತಿದ್ದೆ.

ರೂಪಳ ರಜೆ ಮುಗಿಯುತ್ತ ಬಂತು. ಅಭ್ಯಾಸವಾಗಲಿ ಎಂದು ಒಂದು ದಿನ ಕೂಸನ್ನು ನನ್ನ ಹತ್ತಿರ ಬಿಟ್ಟು ಆಲೂರಿಗೆ ಹೋಗಿಬಂದಳು. ಅವಳು ಹೋದಾಗ ಶುರುವಾದ ಅಳು ಅವಳು ಬಂದ ಮೇಲೆಯೇ ನಿಂತದ್ದು. ನನ್ನ ಒಳ್ಳೆಯ ಮಾತುಗಳೆಲ್ಲ ಖರ್ಚಾಗಿಹೋದವು. ನಮ್ಮ ಯಜಮಾನರು ಕೂಸನ್ನು ಹೆಗಲಿಗೆ ಹಾಕಿಕೊಂಡು ಕೋಳಿ ತೋರಿಸಿದರು, ನಾಯಿ ತೋರಿಸಿದರು, ಕೊನೆಗೆ ಟ್ಯಾಂಕಿನ ನಲ್ಲಿ ತಿರುಗಿಸಿ ನೀರು ಬೀಳುವುದನ್ನೂ ತೋರಿಸಿದರು. “ಏನ್ ಮಾರಾಯ್ತಿ, ಇದ್ರ ಗಂಟ್ಲು ನಿನ್ನ ಗಂಟ್ಲನ್ನೂ ಮೀರಿಸ್ಬುಡ್ತು,” ಎಂದರು. ಆಲೂರಿನಿಂದ ಬಂದ ರೂಪ ಬ್ಯಾಗನ್ನು ನೆಲಕ್ಕೆ ಬಿಟ್ಟು ಮಗುವನ್ನು ಕಸಿದುಕೊಂಡಳು. ಅವತ್ತು ಸಂಜೆ ಮಹೇಶನ ಹತ್ತಿರ ಅವಳು ಹೇಳುತ್ತಿದ್ದುದು ಅಡುಗೆಮನೆಗೆ ಕೇಳಿಸಿತು. “ಇವನು ಅತ್ತೆ ಹತ್ರ ಇರಲ್ಲ. ಕೆಲಸ ಬಿಟ್ಟುಬಿಡ್ತೀನಿ. ಬೇರೆ ದಾರಿ ಇಲ್ಲ.”

ಒಗ್ಗರಣೆ ಸೀದುಹೋಯಿತು. ಹಾಸ್ಟೆಲಿನ ಸಾರು ಕುಡಿದು ಓದಿ ಡಾಕ್ಟರಾದ ಹುಡುಗಿ. ಅವಳು ಗಂಬೂಟು ಹಾಕಿಕೊಂಡು ಕೊಟ್ಟಿಗೆಗೆ ಇಳಿದರೆ ಹಾನುಬಾಳು ಸುತ್ತಿನ ಹಳ್ಳಿಯ ಗಂಡಸರು ಹಗ್ಗ ಹಿಡಿದು ಪಕ್ಕಕ್ಕೆ ನಿಲ್ಲುತ್ತಾರೆ. ಅಂಥವಳು ಕೆಲಸ ಬಿಡಬೇಕು, ಅದೂ ಯಾಕೆ? ನನ್ನ ದನಿ ಚೆನ್ನಾಗಿಲ್ಲ ಎಂದು! ಸೌಟನ್ನು ಪಾತ್ರೆಗೆ ಎಸೆದು ಅವತ್ತೇ ತೀರ್ಮಾನ ಮಾಡಿದೆ. ಈ ಕೂಸು ನನ್ನ ದನಿಗೆ ಒಗ್ಗಲೇಬೇಕು. ಒಗ್ಗದೆ ಹೋದರೆ ನಾನು ದನಿ ಬದಲಾಯಿಸಿಕೊಳ್ಳುತ್ತೇನೆ. ರೂಪ ಕೆಲಸ ಬಿಡುವ ಮಾತು ಮಾತ್ರ ನಮ್ಮ ಮನೆಯಲ್ಲಿ ನಡೆಯುವುದಿಲ್ಲ.

ದನಿ ಬದಲಾಯಿಸುವುದಕ್ಕೆ ನಾನು ಪಟ್ಟ ಪಾಡನ್ನು ಕೇಳಿ ನೀವು ನಗಬಹುದು, ಬೇಸರವಿಲ್ಲ. ಮೊದಲು ಮಹೇಶನ ಹಳೆಯ ಮೊಬೈಲಿನಲ್ಲಿ ಜೋಗುಳದ ಹಾಡು ಹಾಕಿಸಿಕೊಂಡೆ. ಕೂಸು ಹಾಡು ಕೇಳಲಿಲ್ಲ. ಮೊಬೈಲನ್ನು ಬಾಯಿಗೆ ಹಾಕಿಕೊಳ್ಳಲು ನೋಡಿತು, ಕೊಡದಿದ್ದಕ್ಕೆ ಅತ್ತಿತು. ಆಮೇಲೆ ಗೌರಮ್ಮನ ಹತ್ತಿರ ಹೋದೆ. ಗೌರಮ್ಮ ನಮ್ಮ ಕೇರಿಯವಳು, ಮದುವೆಮನೆಗಳಲ್ಲಿ ಸೋಬಾನೆ ಹೇಳುವವಳು, ಜೇನಿನಂಥ ಗಂಟಲು. ಅವಳು ಜಗಲಿಯಲ್ಲಿ ಕೂರಿಸಿಕೊಂಡು ಒಂದು ಜೋಗುಳ ಹೇಳಿಕೊಟ್ಟಳು. ನಾನು ಹೇಳಿದೆ. ಅವಳು ಇನ್ನೊಮ್ಮೆ ಹೇಳಿಕೊಟ್ಟಳು. ನಾನು ಇನ್ನೊಮ್ಮೆ ಹೇಳಿದೆ. ಅವಳು ಎಲೆಅಡಿಕೆ ತಟ್ಟೆಯನ್ನು ನನ್ನ ಕಡೆ ಸರಿಸಿ, “ಎಲೆ ಹಾಕ್ಕೊಳಕ್ಕ, ಆಮ್ಯಾಲೆ ನೋಡಾನ,” ಎಂದಳು. ಗುರುವೇ ಕೈಬಿಟ್ಟರೂ ನಾನು ಬಿಡಲಿಲ್ಲ. ತೋಟದಲ್ಲಿ ಮೆಣಸು ಬಿಡಿಸುವಾಗ ಕಾಫಿ ಗಿಡಗಳ ನಡುವೆ ನಿಂತು, ಯಾರೂ ಇಲ್ಲವೆಂದುಕೊಂಡು, ಅದೇ ಜೋಗುಳ ಅಭ್ಯಾಸ ಮಾಡಿದೆ. ಬೇಲಿಯಾಚೆ ಎಸ್ಟೇಟಿನಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸೊಬ್ಬಳು ಗಾಬರಿಯಿಂದ ಇಣುಕಿ, “ಯಾರಕ್ಕಾ ಹೋಗ್ಬುಟ್ಟೋರು?” ಎಂದು ಕೇಳಿದಳು. ಯಾರೂ ಹೋಗಿಲ್ಲ, ಮೊಮ್ಮಗನಿಗೆ ಜೋಗುಳ ಎಂದರೆ ನಂಬಲೂ ಇಲ್ಲ.

ಅಷ್ಟಾದರೂ ಕೂಸಿನ ಮುಂದೆ ಹಾಡಿಯೇ ಹಾಡಿದೆ. ಫಲಿತಾಂಶ ಹೇಳಬೇಕಾಗಿಲ್ಲ. ಹಾಡುತ್ತಿದ್ದಷ್ಟು ಹೊತ್ತೂ ನನ್ನ ಕಣ್ಣು ಅದರ ಕೆಳತುಟಿಯ ಮೇಲೇ ಇತ್ತು. ಈಗ ಮುಂದೆ ಬರುತ್ತದೆ, ಈಗ ಬರುತ್ತದೆ ಎಂದು ಎದೆ ಡವಡವ ಎನ್ನುತ್ತಿತ್ತು. ಬಂತು.

ರಜೆಯ ಕೊನೆಯ ವಾರದಲ್ಲಿ ನಮ್ಮ ಹಸು ಕೆಂಪಿಗೆ ಕೆಚ್ಚಲು ಬಾವು ಬಂತು. ಮುಟ್ಟಲು ಹೋದ ಯಜಮಾನರನ್ನು ಒದ್ದು ಗೊಬ್ಬರದ ಬುಟ್ಟಿಯ ಮೇಲೆ ಕೂರಿಸಿತು. ಬೇಡಮ್ಮ, ನೀನು ಇಳಿಯಬೇಡ ಎಂದು ನಾನು ಹೇಳುತ್ತಿದ್ದಂತೆ ರೂಪ ತಲೆಗೆ ಸ್ಕಾರ್ಫ್ ಬಿಗಿದುಕೊಂಡು, ಔಷಧಿಯ ಡಬ್ಬ ಹಿಡಿದು ಕೊಟ್ಟಿಗೆಗೆ ಹೋಗಿಬಿಟ್ಟಳು. ನಾನು ಕೂಸನ್ನು ಸೊಂಟದಲ್ಲಿ ಕೂರಿಸಿಕೊಂಡು ಬಾಗಿಲಲ್ಲಿ ನಿಂತೆ. ಬಾಯಿ ಮುಚ್ಚಿಕೊಂಡಿದ್ದರಿಂದ ಕೂಸೂ ಸಮಾಧಾನವಾಗಿತ್ತು.

ರೂಪ ಕೆಂಪಿಯ ಬೆನ್ನ ಮೇಲೆ ಅಂಗೈ ಇಟ್ಟಳು. ಆಮೇಲೆ ನಾನು ಅವಳ ಬಾಯಿಂದ ಯಾವತ್ತೂ ಕೇಳದ ದನಿಯೊಂದು ಬಂತು. “ಏ ಕಳ್ಳೀ… ಒದೀತೀಯೇನೇ? ಒದಿ, ಒದಿ ನೋಡೋಣ… ಮಾವನ್ನ ಬೀಳಿಸಿದ್ದು ಸಾಲ್ದಾ ನಿಂಗೆ? ಭಂಡೀ… ಸೊಕ್ಕಿನ ಮುದುಕೀ… ಯಾರ್ ಬಿಟ್ರು ನಿನ್ನ ಈ ಮನೆಗೆ…” ಮಾತಿನ ಬಾಲ ಮೇಲಕ್ಕೆ ಹೋಗಿ ಕೆಳಕ್ಕಿಳಿಯುತ್ತಿತ್ತು, ನಡುವೆ ಒಂದು ಗಳಿಗೆ ಬಿಡುವು. ಕೆಂಪಿ ಮೊದಲು ಕಿವಿ ಅಲ್ಲಾಡಿಸಿತು. ಆಮೇಲೆ ಉಸಿರು ದೊಡ್ಡದಾಗಿ ಬಿಟ್ಟು, ಎತ್ತಿದ್ದ ಕಾಲನ್ನು ನೆಲಕ್ಕೆ ಊರಿತು. ರೂಪ ಬೈಯುತ್ತಲೇ ಕೆಚ್ಚಲು ಹಿಡಿದು ನೋಡಿದಳು, ಬೈಯುತ್ತಲೇ ಮದ್ದು ಏರಿಸಿದಳು. ನನ್ನ ಸೊಂಟದ ಮೇಲಿದ್ದ ಕೂಸು ಆ ದನಿ ಬಂದ ಕಡೆ ಬಾಗಿ, ಎರಡೂ ಕಾಲು ಬಡಿದು, ಹೊಟ್ಟೆ ಕುಲುಕುವಂತೆ ನಕ್ಕಿತು.

ನನ್ನ ಮೈ ಜುಮ್ಮೆಂದಿತು. ಇದು ನಮ್ಮಜ್ಜಿಯ ರಾಗ. ತಾಯಿಯ ಮಡಿಲೇ ಸರಿಯಾಗಿ ಸಿಗದ ಈ ಹುಡುಗಿಗೆ ಇದನ್ನು ಯಾರು ಕಲಿಸಿದರು? ಯಾರೂ ಕಲಿಸಿರಲಾರರು. ನೋವಿನಿಂದ ಕಂಗಾಲಾದ ಪ್ರಾಣಿಯ ಹತ್ತಿರ ನಿಂತು ನಿಂತು ತಾನಾಗಿ ಬಂದಿರಬೇಕು. ತನ್ನ ಕೂಸಿಗೆ ಒಳ್ಳೆಯ ಮಾತೇ ಆಗಬೇಕು ಎಂದವಳು ಕೆಂಪಿಗೆ ಇಷ್ಟು ಕೆಟ್ಟ ಮಾತು ಆಡುತ್ತಿದ್ದಾಳೆ ಎಂಬುದು ಅವಳಿಗೇ ಗೊತ್ತಿದ್ದಂತಿರಲಿಲ್ಲ. ನಾನೂ ಹೇಳಲಿಲ್ಲ.

ಅವತ್ತು ಮಧ್ಯಾಹ್ನ ರೂಪ ಬಟ್ಟೆ ಒಗೆಯಲು ಹಿತ್ತಲಿಗೆ ಹೋದಾಗ ಕೂಸನ್ನು ಚಾಪೆಯ ಮೇಲೆ ಮಲಗಿಸಿ, ನಾನು ಪಕ್ಕದಲ್ಲಿ ಕಾಲು ನೀಡಿ ಕೂತೆ. ಕೊಟ್ಟ ಮಾತು ಮುರಿಯುತ್ತಿದ್ದೇನೆ ಎಂದು ಗೊತ್ತಿತ್ತು. ಮುರಿಯಬೇಕೆಂದೇ ಕೂತಿದ್ದೆ. “ಎಲಾ ಕಳ್ಳಾ…” ಎಂದೆ. ಕೂಸು ನೋಡಿತು. “ಎಲಾ ಉಚ್ಚೆಬುರ್ಕಾ… ನಮ್ಮನೆ ನೆಮ್ದಿಯೆಲ್ಲಾ ತಿಂದ್ಬುಟ್ಟಲ್ಲೋ… ನಿನ್ ಮೂತಿಗೆ ನನ್ ಕೈಲಿ ಜೋಗ್ಳ ಬ್ಯಾರೆ ಹಾಡಿಸ್ದಲ್ಲೋ…” ಕೆಳತುಟಿಯನ್ನು ನೋಡುವುದು ನನಗೆ ಮರೆತೇಹೋಗಿತ್ತು. ಬೈಯುವ ಖುಷಿಯಲ್ಲಿದ್ದೆ. ಎಷ್ಟು ದಿನದ ಬಾಯಿ ಅದು, ಬೀಗ ಬಿದ್ದು ತುಕ್ಕು ಹಿಡಿದದ್ದು! ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಚಾಪೆಯಿಂದ ‘ಊಂ’ ಎಂಬ ಉತ್ತರ ಬಂತು. ಅಳುವಲ್ಲ, ಉತ್ತರ. ನಾನು ಇನ್ನೊಂದು ಬೈಗುಳ ಕೊಟ್ಟೆ. ಕೂಸು ಬಾಯಿ ಅಗಲಿಸಿ ನಕ್ಕಿತು. ನನ್ನನ್ನು ನೋಡಿ, ನನ್ನ ದನಿ ಕೇಳಿ ಅದು ನಕ್ಕದ್ದು ಅದೇ ಮೊದಲು. ನನಗೆ ಕಣ್ಣಲ್ಲಿ ನೀರು ಬಂತು. ಬೈಯುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಕೂಸಿಗೆ ಮಾತಿನ ಅರ್ಥ ತಿಳಿಯುತ್ತದೆಯೇ, ರಾಗ ತಿಳಿಯುತ್ತದೆಯೇ ಎಂದು ನನ್ನನ್ನು ಕೇಳಿದರೆ, ಎರಡಕ್ಕಿಂತ ಮೊದಲು ಅದಕ್ಕೆ ನಮ್ಮ ಎದೆ ತಿಳಿಯುತ್ತದೆ ಎನ್ನುತ್ತೇನೆ. ಚಿನ್ನ ಎನ್ನುವಾಗ ನನ್ನ ಒಳಗೆ ಇದ್ದದ್ದು ಬರೀ ಹೆದರಿಕೆ. ಅಳುತ್ತದೇನೋ, ಸೊಸೆಗೆ ಬೇಜಾರಾಗುತ್ತದೇನೋ, ಕೆಲಸ ಬಿಡುತ್ತಾಳೇನೋ. ದನಿಯಲ್ಲಿ ಬಂದದ್ದೂ ಆ ಹೆದರಿಕೆಯೇ. ಇಷ್ಟು ದೊಡ್ಡ ಹೆಂಗಸು ತನ್ನ ಮುಖದ ಮೇಲೆ ಬಗ್ಗಿ ನಡುಗುತ್ತಿದ್ದರೆ ಪಾಪ, ಅದು ಅಳದೆ ಏನು ಮಾಡೀತು? ಬೈಯುವಾಗ ನಾನು ನಾನಾಗಿದ್ದೆ. ತಗಡಾದರೇನು, ನನ್ನ ತಗಡು.

ಅಂದಿನಿಂದ ಇದು ಅಜ್ಜಿ ಮೊಮ್ಮಗನ ಗುಟ್ಟಾಯಿತು. ರೂಪ ಹಿತ್ತಲಿಗೆ ಹೋದರೆ ಬೈಗುಳ, ಒಳಗೆ ಬಂದರೆ ಮೌನ. ಏಳಿಸುವುದಕ್ಕೊಂದು, ನೀರು ಹಾಕುವುದಕ್ಕೊಂದು, ರಾಗಿ ಸರಿ ತಿನ್ನಿಸುವುದಕ್ಕೊಂದು ಬೈಗುಳ ತಾನಾಗಿಯೇ ಹುಟ್ಟಿಕೊಂಡಿತು. ತಿನ್ನಿಸುವಾಗಿನದನ್ನು ಸ್ವಲ್ಪ ಚುರುಕಾಗಿ ಹೇಳಬೇಕು, ಇಲ್ಲದಿದ್ದರೆ ಬಾಯಲ್ಲಿ ತುತ್ತು ಇಟ್ಟುಕೊಂಡೇ ನಿದ್ದೆ ಹೋಗುತ್ತದೆ.

ಡ್ಯೂಟಿಗೆ ಹೋಗುವ ದಿನ ಬಂದೇಬಂತು. ರೂಪ ಇಸ್ತ್ರಿ ಮಾಡಿದ ಚೂಡಿದಾರ್ ಹಾಕಿಕೊಂಡು, ಊಟದ ಡಬ್ಬಿ ಬ್ಯಾಗಿಗೆ ಇಟ್ಟು, ಕೂಸನ್ನು ನನ್ನ ಕೈಗೆ ಕೊಟ್ಟಳು. ಬೆಳಗಿನ ಬಸ್ಸು ತಪ್ಪಿದರೆ ಹಾನುಬಾಳಿಗೆ ಹೊತ್ತಿಗೆ ಸರಿಯಾಗಿ ಮುಟ್ಟಲಾಗದು. ಯಜಮಾನರು ಮುಂಚೆಯೇ ರಸ್ತೆಗೆ ಹೋಗಿ ನಿಂತಿದ್ದರು. ಕೂಸಿಗೆ ಅದು ಹೇಗೆ ಗೊತ್ತಾಯಿತೋ, ಅಮ್ಮ ಚಪ್ಪಲಿ ಮೆಟ್ಟುತ್ತಿದ್ದಂತೆ ಗಲ್ಲ ನಡುಗಿತು. ಎದುರಿಗೇ ಅವಳಿದ್ದಾಳೆ, ನಾನೇನು ಮಾಡಲಿ? “ಚಿನ್ನಾ, ಬಂಗಾರಾ, ಅಮ್ಮ ಬರ್ತಾಳೆ” ಎಂದು ಹಳೆಯ ಸುಳ್ಳುದನಿಯಲ್ಲಿ ಪಿಸುಗುಟ್ಟಿದೆ. ಕೂಸು ಹಿಂದಕ್ಕೆ ಬಾಗಿ ಕಿರುಚಿತು.

ರೂಪ ಗೇಟಿನವರೆಗೆ ಹೋದವಳು ತಿರುಗಿ ಬಂದಳು. ಮೆಟ್ಟಿಲ ಮೇಲೆ ಕುಸಿದು ಕೂತು ಮೊಬೈಲ್ ತೆಗೆದಳು. “ಆಗಲ್ಲ ಅತ್ತೆ. ನನ್ನಿಂದ ಆಗಲ್ಲ. ಫೋನ್ ಮಾಡಿ ಬರಲ್ಲ ಅಂತ ಹೇಳ್ಬಿಡ್ತೀನಿ. ಕೆಲಸ ಹೋದ್ರೆ ಹೋಗ್ಲಿ.”

ಹೋಗಲಿ ಅಂತೆ! ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. ಕೂಸನ್ನು ನನ್ನ ಮುಖಕ್ಕೆ ಎದುರಾಗಿ ಹಿಡಿದುಕೊಂಡೆ. ಅವಳು ಕೇಳಿಸಿಕೊಳ್ಳಲಿ, ಬೇಕಾದರೆ ನಾಳೆಯಿಂದ ನನ್ನ ಹತ್ತಿರ ಮಾತೇ ಬಿಡಲಿ ಎಂದುಕೊಂಡು ಬಾಯಿ ಬಿಟ್ಟೆ. “ಎಲಾ ಭಂಡಾ… ನಿನ್ ಮನೆ ಕಾಯೋಗಾ… ನಿಮ್ಮಮ್ಮನ್ ಕೆಲ್ಸಕ್ಕೆ ಕಲ್ ಹಾಕೋಕ್ ಹುಟ್ಟಿದ್ಯೇನೋ ನೀನು? ಮುಂಡೇದೆ… ಕೋತಿ ಮೂತಿಯೋನೇ… ಬಾಯ್ ನೋಡು ಬಾಯಿ, ಒಳ್ಳೆ ಕೆರೆ ತೂಬು…”

ಕೂಸಿನ ಅಳು ಅರ್ಧಕ್ಕೇ ನಿಂತಿತು. ಬಿಕ್ಕಳಿಸಿತು. ಕಣ್ಣಲ್ಲಿ ನೀರು ತುಂಬಿಕೊಂಡೇ ನನ್ನ ಬಾಯಿ ನೋಡಿ, ‘ಊಂ’ ಎಂದು ಉತ್ತರ ಕೊಟ್ಟು, ನಕ್ಕಿತು.

“ಅತ್ತೆ!” ರೂಪ ಎದ್ದು ನಿಂತಿದ್ದಳು. “ಏನ್ ಹೇಳ್ತಿದೀರಾ ಮಗೂಗೆ?”

“ಬೈತಿದ್ದೀನಮ್ಮ. ನೀನು ಆವತ್ತು ಕೆಂಪಿಗೆ ಬೈದ್ಯಲ್ಲ, ಹಂಗೇಯ.”

“ನಾನು ಕೆಂಪಿಗೆ…” ಎಂದವಳು ಅಲ್ಲಿಗೇ ನಿಲ್ಲಿಸಿದಳು. ನೆನಪಾಗಿರಬೇಕು. ಕೂಸನ್ನು ನೋಡಿದಳು. ಅದು ನನ್ನ ಮೂಗು ಹಿಡಿದುಕೊಂಡು, ಮುಂದಿನ ಬೈಗುಳಕ್ಕೆ ಕಾಯುತ್ತಿತ್ತು. ಈಗ ಸಿಟ್ಟಾಗುತ್ತಾಳೆ ಎಂದು ನಾನು ಗಟ್ಟಿಯಾಗಿ ನಿಂತೆ. ರೂಪ ಸಿಟ್ಟಾಗಲಿಲ್ಲ. ಅವಳ ಕೆಳತುಟಿ ಮುಂದೆ ಬಂತು. ಥೇಟ್ ಅವಳ ಮಗನದೇ.

“ನನಗ್ಯಾಕತ್ತೆ ನೀವು ಬೈಯಲ್ಲ?” ಎಂದಳು.

ನಾನು ಕೂಸಿನ ಕೈಯಿಂದ ಮೂಗು ಬಿಡಿಸಿಕೊಂಡು ಅವಳ ಕಡೆ ತಿರುಗಿದೆ.

“ಮಾವಂಗೆ ಬೈತೀರಾ, ಇವರಿಗೆ ಬೈತೀರಾ, ನಾಯಿಗೂ ಬೈತೀರಾ. ಎಲ್ಲ ನಗ್ತಿರ್ತೀರಾ. ನಾನು ಬಂದ ತಕ್ಷಣ ಸುಮ್ಮನಾಗ್ಬಿಡ್ತೀರಾ. ಕೂತ್ಕೋಮ್ಮ, ಊಟ ಮಾಡಮ್ಮ ಅಂತೀರಾ. ಮನೆಗೆ ಯಾರೋ ಆಫೀಸರ್ ಬಂದಿದಾರೇನೋ ಅನ್ನೋ ಹಾಗೆ. ನಾನೇನೋ ತಪ್ಪು ಮಾಡಿದೀನಿ ಅಂತ ಎಷ್ಟು ದಿನ ಅಂದ್ಕೊಂಡಿದೀನಿ ಗೊತ್ತಾ?”

ಊರೆಲ್ಲ ಹೇಳಿಕೊಂಡು ತಿರುಗಿದ ನನ್ನ ಹೆಮ್ಮೆ ಮೆಟ್ಟಿಲ ಮೇಲೆ ಮಗುಚಿ ಬಿತ್ತು. ಈ ಹುಡುಗಿ ನನ್ನ ಮನೆಯಲ್ಲಿ ಇಷ್ಟು ಕಾಲ ನೆಂಟಳಂತೆ ಉಂಡು ಮಲಗಿ ಎದ್ದಿದ್ದಾಳೆ, ನಾನು ಅದನ್ನು ಮರ್ಯಾದೆ ಎಂದುಕೊಂಡಿದ್ದೇನೆ. ತಬ್ಬಿಕೊಳ್ಳೋಣವೆಂದರೆ ಕೈಯಲ್ಲಿ ಕೂಸು. ಅಷ್ಟರಲ್ಲಿ ತಿರುವಿನಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. “ಬಸ್ ಬಂತು ಕಣ್ರೋ, ನಿಲ್ಲಿಸ್ಕಂಡಿದ್ದೀನಿ!” ಎಂದು ಯಜಮಾನರು ಕೂಗಿದರು.

“ಲೇ ಮೂದೇವಿ!” ಎಂದೆ. ದನಿ ತಾನಾಗಿಯೇ ಮೇಲಕ್ಕೆ ಹೋಗಿ ಕೆಳಕ್ಕಿಳಿಯಿತು. “ಇನ್ನೂ ನಿಂತಿದ್ದೀಯಲ್ಲೇ ಗೂಬೆ ಹಂಗೆ! ಹಾನುಬಾಳ್‌ಗಂಟ ನಿನ್ನ ನಾನ್ ಹೊತ್ಕಂಡ್ ಹೋಗ್ಲೇನೇ? ಅಲ್ಲಿ ದನ ಕಾಯ್ತಾ ನಿಂತಾವೆ, ಇಲ್ಲಿ ಈ ಕತ್ತೆ ಅಳ್ತಾ ನಿಂತೈತೆ… ಮೂಗು ಒರ್ಸ್ಕಳೆ, ದರಿದ್ರದ್ದೇ… ನಡೀ ಮುಂದ್ಕೆ, ನಿನ್ ಮನೆ ಕಾಯೋಗಾ!”

ಕೂಸು ತನಗೇ ಬೈದದ್ದೆಂದು ಕೇಕೆ ಹಾಕಿತು. ರೂಪ ಅಳುತ್ತಲೂ ನಗುತ್ತಲೂ ಬ್ಯಾಗ್ ಎತ್ತಿಕೊಂಡು ಓಡಿದಳು. ಬಸ್ಸು ಹೊರಟ ಸದ್ದು ಕೇಳುವವರೆಗೂ ನಾನು ಬೈಯುತ್ತಲೇ ಇದ್ದೆ.

ಸಂಜೆ ಅವಳು ಬರುವುದು ತಡವಾಯಿತು. ಯಾವುದೋ ಎಮ್ಮೆಗೆ ಹೆರಿಗೆ ಕಷ್ಟವಾಗಿತ್ತಂತೆ. ಹೊಸಿಲಿಗೆ ಬಂದವಳು ಕೈಚಾಚಿ ಕೂಸನ್ನು ತೆಗೆದುಕೊಂಡು, ಅದರ ಕತ್ತಿನಲ್ಲಿ ಮುಖ ಹುದುಗಿಸಿ ಸ್ವಲ್ಪ ಹೊತ್ತು ನಿಂತಳು. ಕೂಸು ಚೆನ್ನಾಗಿತ್ತು, ರಾಗಿ ಸರಿ ತಿಂದಿತ್ತು, ನಿದ್ದೆ ಮಾಡಿ ಎದ್ದಿತ್ತು. ನಾನು ಅದನ್ನೆಲ್ಲ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವಳು ತಲೆ ಎತ್ತಿದಳು.

“ಲೇಟಾಯ್ತು ಅತ್ತೆ,” ಎಂದಳು. “ಬೈಯಲ್ವಾ?”

ಬೈದೆ. ಅವಳ ಹೊಟ್ಟೆ ತುಂಬುವಷ್ಟು ಬೈದೆ.